ಕಿವಿಯಕ್ಕ ಹಾಕಿದ ಎರಡು ಗೀಟು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಸಾಲು ಎಡಗಡೆಯಿಂದ ಹೊರಟು ಬಲಗಡೆಗೆ ಬರುವಷ್ಟರಲ್ಲಿ ಗುಡ್ಡ ಹತ್ತಿರುತ್ತದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಬರೆದಿಲ್ಲ, ಗೊತ್ತಿರುವುದನ್ನೂ ಎರಡೆರಡು ಸಲ ಕೇಳಿ ಬರೆದಿದ್ದೇನೆ. ಇದು ನನ್ನ ದೊಡ್ಡಮ್ಮನ ಕತೆ. ಇದರಲ್ಲಿ ಬರುವ ತಂಗಿ ನನ್ನ ಅಮ್ಮ. ‘ಅಮ್ಮ’ ಎಂದು ಬರೆದರೆ ನಾನು ಒಂದು ಕಡೆ ವಾಲಿಬಿಡುತ್ತೇನೋ ಎಂಬ ಭಯ. ಅದಕ್ಕೇ ಕೊನೆಯವರೆಗೂ ತಂಗಿ ಎಂದೇ ಬರೆದಿದ್ದೇನೆ.

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಮೇಸ್ತ್ರಿಯಿಂದ ಹಿಡಿದು ಗೇಟು ಕಾಯುವವನ ತನಕ ಎಲ್ಲರಿಗೂ ಅವಳು ಕಿವಿಯಕ್ಕ. ಅವಳದು ತಟ್ಟುವ ಕೆಲಸ. ಭಟ್ಟಿಯಲ್ಲಿ ಎರಡನೇ ಸಲ ಬೆಂದು, ಹೊಳಪು ಹೊತ್ತು ಬಂದ ಕಪ್‌ಗಳು ಒಂದು ಹಲಗೆಗೆ ಹನ್ನೆರಡರಂತೆ ಅವಳ ಮೇಜಿಗೆ ಬರುತ್ತವೆ. ಎಡಗೈಯ ಮೂರು ಬೆರಳ ತುದಿಯಲ್ಲಿ ಕಪ್ ಕೂರಿಸಿಕೊಂಡು, ಬಲಗೈಯಲ್ಲಿ ಪೆನ್ಸಿಲ್ ಗಾತ್ರದ ಮರದ ಕಡ್ಡಿಯಿಂದ ಅಂಚಿಗೆ ಒಮ್ಮೆ ತಟ್ಟಬೇಕು. ಗಟ್ಟಿ ಕಪ್ ಆದರೆ ‘ಟಿಣ್’ ಎಂದು, ಆ ದನಿ ಎಳೆ ಎಳೆಯಾಗಿ ತೆಳುವಾಗುತ್ತಾ ಹೋಗುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ‘ಟಪ್’ ಎಂದು ಅಲ್ಲೇ ಸಾಯುತ್ತದೆ. ಅಂಥದ್ದು ಒಡಕಲು ಬುಟ್ಟಿಗೆ. ಅದು ಹಾಗೇ ದಾಟಿಹೋಗಿ ಯಾರದೋ ಕೈ ಸೇರಿದರೆ, ಬಿಸಿ ನೀರು ಬಿದ್ದ ಕೂಡಲೇ ಕೈಯಲ್ಲೇ ಬಿರಿಯುತ್ತದೆ. ದಿನಕ್ಕೆ ಸಾವಿರದ ಮೇಲೆ ಕಪ್ ತಟ್ಟುವಾಗ ಕಣ್ಣಿಗೆ ಕೆಲಸವೇ ಇಲ್ಲ. ಎಲ್ಲ ಕಿವಿಯದೇ.

ಮೇಜಿಗೆ ಇಬ್ಬರು, ಎದುರುಬದುರು. ಪಾಸಾದ ಕಪ್ಪಿನ ತಳದಲ್ಲಿ ತಟ್ಟಿದವರು ಪೆನ್ಸಿಲಿನಿಂದ ಗೀಟು ಹಾಕಬೇಕು. ಅಕ್ಕನದು ಒಂದು ಗೀಟು, ಎದುರಿಗೆ ಕೂರುವ ತಂಗಿಯದು ಎರಡು. ಅನುಮಾನ ಬಂದ ಕಪ್ಪನ್ನು ಬಾಯಿ ಬಿಡದೆ ಎದುರಿನವರತ್ತ ತಳ್ಳಬೇಕು. ಅದಕ್ಕೆ ಅಲ್ಲಿ ‘ಎರಡನೇ ಕಿವಿ’ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಎಲ್ಲರ ಅನುಮಾನವೂ ಕಿವಿಯಕ್ಕನ ಕಡೆಗೆ ಬರುತ್ತಿತ್ತೇ ಹೊರತು ಅವಳ ಅನುಮಾನ ಯಾರ ಕಡೆಗೂ ಹೋದದ್ದಿಲ್ಲ.

ತಂಗಿಗೆ ಈ ಕೆಲಸ ಕಲಿಸಿದವಳೂ ಅವಳೇ. ಆರು ವರ್ಷದ ಹಿಂದೆ ಕೈ ಹಿಡಿದು, ಬೆರಳು ತಿದ್ದಿ, "ಬಲವಾಗಿ ಹೊಡೀಬೇಡ್ವೇ, ಅದೇನು ನಿನ್ನ ಗಂಡನ ಬೆನ್ನಾ?" ಎಂದು ಬೈದು ಕಲಿಸಿದ್ದಳು. ತಂಗಿಯ ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆ ಕಂಡರೆ ಹೆಚ್ಚು. ಅಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವನು. ಎರಡು ಸಂಸಾರಕ್ಕೆ ಎರಡು ಕೋಣೆ, ನಡುವೆ ಒಂದೇ ಅಡುಗೆಮನೆ.

ಮೂರು ವರ್ಷದ ಹಿಂದೆ ಅವಳ ಕಿವಿಯೊಳಗೆ ಒಂದು ದನಿ ಬಂದು ಕೂತಿತು. ಯಾರೋ ಒಂದು ಒಳ್ಳೆಯ ಕಪ್ಪನ್ನು ತಟ್ಟಿ ಹೋದಂತೆ, ಆದರೆ ಆ ದನಿ ತೆಳುವಾಗಿ ಮುಗಿಯುವುದನ್ನೇ ಮರೆತಂತೆ. ಮೊದಲ ವಾರ ಕೆಲಸದ ಗುಂಗು ಎಂದುಕೊಂಡಳು. ತಿಂಗಳಾದರೂ ಹೋಗಲಿಲ್ಲ. ಯಾರಿಗೂ ಹೇಳಲಿಲ್ಲ. ತಟ್ಟುವವಳ ಕಿವಿಯಲ್ಲಿ ಸದ್ದಿದೆ ಎಂದರೆ ಅಡುಗೆಯವಳ ನಾಲಿಗೆ ಸತ್ತಿದೆ ಎಂದ ಹಾಗೆ. ಆ ವರ್ಷ ಕಾರ್ಖಾನೆಗೆ ತಪಾಸಣೆಗೆ ಬಂದ ನರ್ಸ್ ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿ ಬೀಪ್ ಬೀಪ್ ಕೇಳಿಸಿದಳು. ಕಿವಿಯಕ್ಕ ಎಲ್ಲಕ್ಕೂ ಕೈ ಎತ್ತಿದಳು. "ನಿಮಗೇನಮ್ಮಾ, ಹದಿನೆಂಟರ ಹುಡುಗಿ ಕಿವಿ!" ಎಂದು ನರ್ಸ್ ಚೀಟಿ ಬರೆದುಕೊಟ್ಟಳು. ಆ ಚೀಟಿ ಅವಳ ಬೀರುವಿನಲ್ಲಿ ಸೀರೆಗಳ ನಡುವೆ ಭದ್ರವಾಗಿ ಕೂತಿತು.

ಎಲ್ಲ ಕೆಟ್ಟದ್ದು ಆ ಚೀಟಿಯಿಂದಲೇ ಎಂದು ಈಗ ಅವಳು ಹೇಳುತ್ತಾಳೆ. ಏಕೆಂದರೆ ಅದೇ ಹೊತ್ತಿಗೆ ಜನರ ಮಾತು ಅವಳಿಗೆ ಸಿಗದೆ ಜಾರತೊಡಗಿತ್ತು. ಕಿವಿ ಸರಿಯಿದೆ ಎಂದು ಬರೆದುಕೊಟ್ಟ ಮೇಲೆ ತಪ್ಪು ಕಿವಿಯದಲ್ಲವಲ್ಲ! ತಪ್ಪು ಮಾತಾಡುವವರದು. ಬೇಕೆಂದೇ ಅವಳಿಗೆ ಕೇಳದಂತೆ ಮಾತಾಡುತ್ತಾರೆ.

ಊಟದ ಕೋಣೆಯನ್ನೇ ತೆಗೆದುಕೊಳ್ಳಿ. ಉದ್ದನೆಯ ಎರಡು ಬೆಂಚು, ತಗಡಿನ ಮಾಡು, ನಲವತ್ತು ಹೆಂಗಸರು, ನಲವತ್ತು ಡಬ್ಬಿ ಮುಚ್ಚಳ. ತಂಗಿ ನಡುವೆ ಕೂತು ಕೈ ತಿರುಗಿಸುತ್ತಾ ಏನೋ ಹೇಳುವಳು. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಗುವರು. ಕಿವಿಯಕ್ಕನಿಗೆ ಬಾಯಿ ಆಡುವುದು ಕಾಣುತ್ತಿತ್ತು, ದನಿಯೂ ಕೇಳುತ್ತಿತ್ತು. ಮಾತು ಮಾತ್ರ ಕಲಸಿಹೋಗುತ್ತಿತ್ತು.

"ಏನಂದೆ?" ಎಂದು ಕೇಳುವಳು.

"ಏನಿಲ್ಲ ಬಿಡಕ್ಕ, ಆಮೇಲೆ ಹೇಳ್ತೀನಿ."

ಆಮೇಲೆ ಎಂಬುದು ಯಾವ ದಿನವೂ ಬರಲಿಲ್ಲ. ನನ್ನ ಬಗ್ಗೆಯೇ ಇರಬೇಕು ಎಂದು ಅವಳು ಡಬ್ಬಿಯ ಕಡೆ ನೋಡುತ್ತಾ ತುತ್ತು ನುಂಗುವಳು. ತನ್ನ ತಂಗಿ, ತಾನು ಕೆಲಸಕ್ಕೆ ಸೇರಿಸಿದವಳು, ಈಗ ಊರಿಗೆಲ್ಲ ಬೇಕಾದವಳು. ತಾನು ಮಾತ್ರ ಮೂಲೆಯ ಪೊರಕೆ.

ಮನೆಯಲ್ಲಿ ಇನ್ನೂ ಹೆಚ್ಚು. ಅವಳ ಗಂಡ ಮಾತು ಕಡಿಮೆಯ ಆಸಾಮಿ. ದಿನಕ್ಕೊಂದೇ ತಮಾಷೆ, ಅದೂ ಭಟ್ಟಿಯ ಬೂದಿ ತೊಳೆದುಕೊಳ್ಳುತ್ತಾ, ನಲ್ಲಿ ಬಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಹೇಳುವುದು. ತಂಗಿ ಒಲೆಯ ಹತ್ತಿರದಿಂದಲೇ ಪಕ್ಕನೆ ನಗುವಳು. "ಅಯ್ಯೋ ಭಾವ, ಸಾಕು ಮಾರಾಯ್ರೆ, ಸಾರು ಚೆಲ್ಲುತ್ತೆ!" ಎನ್ನುವಳು. ಕಿವಿಯಕ್ಕ "ಏನದು? ಏನು?" ಎಂದು ಕೇಳಿ, ಅವನು ಎರಡನೇ ಸಲ ಹೇಳುವಷ್ಟರಲ್ಲಿ ಆ ತಮಾಷೆ ನಿನ್ನೆಯ ಅನ್ನದ ಹಾಗೆ ಹಳಸಿರುತ್ತಿತ್ತು. ಕೊನೆ ಕೊನೆಗೆ ಅವನು ಎರಡನೇ ಸಲ ಹೇಳುವುದನ್ನೇ ಬಿಟ್ಟ.

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡನ ಒಂದೇ ಒಂದು ತಮಾಷೆ. ಅದೂ ಈಗ ತಂಗಿಯ ಪಾಲು.

ಆ ಉರಿಯನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಅವಳೇ ಹೇಳಿದ ಮಾತಿದೆ: "ನಿಮ್ಮಮ್ಮ ಮನೆಗೆ ಬಂದ ಮೇಲೆ ಬಾಚಣಿಗೆ ಎಲ್ಲಿಟ್ಟಿದ್ದಾಳೆ ಅಂತಲೂ ನೋಡ್ತಿದ್ದೆ. ನನ್ನ ಬಾಚಣಿಗೆಗಿಂತ ಅವಳ ಬಾಚಣಿಗೇಲಿ ಕೂದಲು ಕಡಿಮೆ ಇದ್ರೆ ಅದಕ್ಕೂ ಹೊಟ್ಟೆ ಉರೀತಿತ್ತು." ತಂಗಿ ಒಂದು ಚಪ್ಪಲಿ ಕೊಂಡರೆ ಉರಿ, ಬಸ್ಸಿನಲ್ಲಿ ಯಾರಾದರೂ ತಂಗಿಗೆ ಜಾಗ ಬಿಟ್ಟರೆ ಉರಿ. ಎದುರಿಗೆ ಕೂತು ಕಪ್ ತಟ್ಟುವ ತಂಗಿ ತಲೆ ಎತ್ತಿ ಮುಗುಳ್ನಕ್ಕರೆ, ಯಾಕೆ ನಕ್ಕಳು ಎಂದು ಅರ್ಧ ದಿನ ಲೆಕ್ಕ ಹಾಕುವಳು.

ಅಷ್ಟರಲ್ಲಿ ಒಂದು ದಿನ ಒಂದು ಪೆಟ್ಟಿಗೆ ವಾಪಸು ಬಂತು. ಹೋಟೆಲ್ಲಿಗೆ ಹೋದ ಕಪ್‌ಗಳು, ಒಂಬತ್ತು ಬಿರಿದಿದ್ದವು. ಪೆನ್ಸಿಲ್ ಗುರುತು ಅಳಿಯುವ ಮೊದಲೇ ಒಡೆದವು. ಒಂಬತ್ತರ ತಳದಲ್ಲೂ ಒಂದೇ ಗೀಟು.

ಮೇಸ್ತ್ರಿ ಕೆಟ್ಟ ಮನುಷ್ಯನಲ್ಲ. ಬಾಗಿಲು ಮುಂದೆ ಮಾಡಿ ಮಾತಾಡಿದ. "ಅಕ್ಕ, ತಪ್ಪು ಯಾರಿಗೂ ಆಗುತ್ತೆ. ಸ್ವಲ್ಪ ದಿನ ನಿಮ್ಮ ಹಲಗೆಯಿಂದ ಹತ್ತಕ್ಕೊಂದು ತಂಗಿ ಹತ್ರ ತಳ್ಳಿ. ಎರಡನೇ ಕಿವಿ ಇರ್ಲಿ."

"ನನ್ನ ಕಿವಿಗೆ ಎರಡನೇ ಕಿವಿನಾ?" ಎಂದಳು ಅವಳು.

"ಹಾಗಲ್ಲ ಅಕ್ಕ..."

"ಹೇಗೆ ಮತ್ತೆ?"

ಮೇಸ್ತ್ರಿ ಪೆಟ್ಟಿಗೆಯ ಮುಚ್ಚಳ ಹಾಕಿದ.

ಅಂದಿನಿಂದ ಹತ್ತಕ್ಕೊಂದು ಕಪ್ ಮೇಜು ದಾಟಿ ತಂಗಿಯತ್ತ ಹೋಗತೊಡಗಿತು. ತಂಗಿ ಸಂಕೋಚದಿಂದಲೇ ತಟ್ಟುವಳು. ಕೆಲವೊಮ್ಮೆ "ಅಕ್ಕ, ಇದು ಯಾಕೋ..." ಎಂದು ಒಡಕಲು ಬುಟ್ಟಿಯ ಕಡೆ ಕಣ್ಣು ಮಾಡುವಳು. ಕಿವಿಯಕ್ಕ ಕಸಿದುಕೊಂಡು ಮತ್ತೆ ತಟ್ಟುವಳು. ಗೋಡೆಯಾಚೆ ಕಲ್ಲು ಅರೆಯುವ ಗಿರಣಿಯ ಗಡಗಡ. ಅವಳ ಬೆನ್ನು ಆ ಗೋಡೆಗೇ. ಬೆಳಕು ಚೆನ್ನಾಗಿ ಬೀಳುವ ಜಾಗ ಅದು, ಹಿರಿಯಳದು. ತಟ್ಟುವ ಕೆಲಸಕ್ಕೂ ಮುಂಚೆ ಆರು ವರ್ಷ ಆ ಗಿರಣಿಗೇ ಕಲ್ಲು ತುಂಬಿದವಳು ಅವಳು, ಕಿವಿಗೆ ಬರೀ ಹತ್ತಿ ಇಟ್ಟುಕೊಂಡು. ಗಿರಣಿಯ ಸದ್ದಿನ ನಡುವೆ ತಟ್ಟಿದ ಕಪ್ಪಿನ ಬಾಲ ಹಿಡಿದು ಹೊರಟ ದನಿ ಕಪ್ಪಿನದೋ, ತನ್ನ ಕಿವಿಯೊಳಗಿನದೋ ಅವಳಿಗೆ ಬಿಡಿಸಲು ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳಲೂ ಬರುತ್ತಿರಲಿಲ್ಲ.

ಆಗ ಅವಳು ಆ ಕೆಲಸ ಮಾಡಿದಳು.

ಒಂದು ಮಧ್ಯಾಹ್ನ ತಂಗಿ ನೀರು ಕುಡಿಯಲು ಎದ್ದಿದ್ದಳು. ಕಿವಿಯಕ್ಕನ ಕೈಯಲ್ಲಿ ಒಂದು ಕಪ್. ಮೂರು ಸಲ ತಟ್ಟಿದ್ದಳು, ಗೊತ್ತಾಗಿರಲಿಲ್ಲ. ಎರಡನೇ ಕಿವಿಗೆ ತಳ್ಳಲು ಮನಸ್ಸು ಬರಲಿಲ್ಲ. ಬುಟ್ಟಿಗೆ ಹಾಕಿದರೆ ಒಳ್ಳೆಯ ಕಪ್ಪನ್ನೂ ಒಡೆಯುತ್ತಾಳೆ ಎನ್ನುತ್ತಾರೆ. ಪೆನ್ಸಿಲ್ ತೆಗೆದುಕೊಂಡು ತಳದಲ್ಲಿ ಒಂದು ಗೀಟು ಹಾಕಿದಳು. ಪೆನ್ಸಿಲ್ ಎತ್ತಲಿಲ್ಲ. ಪಕ್ಕದಲ್ಲೇ ಇನ್ನೊಂದು ಗೀಟು ಎಳೆದು ಕಪ್ಪನ್ನು ತಂಗಿಯ ಹಲಗೆಯ ಮೇಲಿಟ್ಟಳು.

ಭೂಮಿ ಬಾಯಿ ಬಿಡಲಿಲ್ಲ. ತಂಗಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದು ಕೂತಳು, ಅಷ್ಟೇ.

ಆಮೇಲೆ ದಿನಕ್ಕೆ ಐದಾರು. ತಂಗಿ ಎದ್ದಾಗ, ಹಲಗೆ ಬದಲಾಯಿಸುವಾಗ, ಆ ಕಡೆ ತಿರುಗಿದಾಗ. "ಮೊದಮೊದಲು ಗೀಟು ಸೊಟ್ಟ ಬರ್ತಿತ್ತು, ಆಮೇಲೆ ಗೀಟು ನೇರವಾಗಿ ಬರೋಕೆ ಶುರುವಾಯ್ತು," ಎಂದು ಅವಳು ನನಗೆ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಒಂದೂವರೆ ತಿಂಗಳಿಗೆ ಎರಡನೇ ಪೆಟ್ಟಿಗೆ ವಾಪಸು ಬಂತು. ಹದಿನಾಲ್ಕು ಕಪ್. ಮೂರರಲ್ಲಿ ಒಂದು ಗೀಟು, ಹನ್ನೊಂದರಲ್ಲಿ ಎರಡು. ಮೇಸ್ತ್ರಿ ತಂಗಿಯನ್ನು ಕರೆದ. ತಂಗಿ ವಾಪಸು ಬಂದಾಗ ಮುಖ ಭಟ್ಟಿಗೆ ಹೋಗದ ಮಣ್ಣಿನ ಹಾಗೆ ಬಿಳುಚಿತ್ತು.

"ಅಕ್ಕ, ನನಗೆ ಕಿವಿ ಪರೀಕ್ಷೆ ಮಾಡಿಸ್ಕೊಂಡು ಬಾ ಅಂದ್ರು. ಕಿವಿ ಸರಿ ಇಲ್ಲ ಅಂದ್ರೆ ಮೇಜು ಬಿಡಬೇಕಂತೆ. ಒಬ್ಳೇ ಹೋಗೋಕೆ ಭಯ ಆಗುತ್ತೆ. ನೀನೂ ಬರ್ತೀಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಿವಿಯಕ್ಕನ ಕೈ ತಾನಾಗಿಯೇ ಪೆನ್ಸಿಲನ್ನು ಸೆರಗಿನೊಳಗೆ ಮುಚ್ಚಿತು. ಆದರೂ ಒಪ್ಪಿದಳು. ಭಯಕ್ಕೆ ಮಾತ್ರ ಒಪ್ಪಿದಳು ಎಂದು ಬರೆದರೆ ಸುಳ್ಳಾಗುತ್ತದೆ. ತಂಗಿಯ ಕಿವಿಯಲ್ಲಿ ನಿಜವಾಗಿಯೂ ಏನಾದರೂ ಕೊರತೆ ಸಿಕ್ಕರೆ ತಾನು ಮಾಡಿದ್ದೂ ಸರಿಹೋಗುತ್ತದೆ ಎಂಬ ಆಸೆ ಒಳಗೆ ಇತ್ತು.

ಹದಿನೈದು ದಿನಕ್ಕೆ ಸರದಿ ಸಿಕ್ಕಿತು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿವಿ ವಿಭಾಗ. ಗೋಡೆಗೆ ದಪ್ಪ ಸ್ಪಂಜು ಮೆತ್ತಿದ, ಬೀರುವಿನಂಥ ಒಂದು ಪುಟ್ಟ ಕೋಣೆ. ಅದಕ್ಕೊಂದು ಗಾಜಿನ ಕಿಟಕಿ, ಕಿಟಕಿಯಾಚೆ ಪರೀಕ್ಷೆ ಮಾಡುವ ಮೇಡಂ. ಕನ್ನಡಕ ಹಣೆಗೇರಿಸಿಕೊಂಡು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗಿ. ತಂಗಿ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು, ಬೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಿದಳು. ಕಾಲು ಗಂಟೆಯ ಮೇಲೆ ಮೇಡಂ ಹೊರಗೆ ಬಂದು, "ಏನೂ ತೊಂದರೆ ಇಲ್ಲ. ಚೆನ್ನಾಗಿದೆ," ಎಂದಳು.

ತಂಗಿ ಕುರ್ಚಿ ಹಿಡಿದುಕೊಂಡು ನಿಂತಳು, ಕಣ್ಣು ತುಂಬಿಕೊಂಡಿತ್ತು. ಕಿವಿಯಕ್ಕನಿಗೆ ಮಾತ್ರ ಆ ‘ಚೆನ್ನಾಗಿದೆ’ ಎಂಬ ಮಾತು ಮುಳ್ಳಿನ ಹಾಗೆ ಚುಚ್ಚಿತು.

"ನನ್ನದೂ ನೋಡಿಬಿಡಿ ಮೇಡಂ," ಎಂದಳು. "ಬಂದಿದ್ದಾಗಿದೆ. ಇಬ್ಬರದೂ ಪಕ್ಕಪಕ್ಕ ಇಟ್ಟು ನೋಡೋಣ."

"ಇದೇನು ಓಟದ ಪಂದ್ಯಾನಾ ಅಕ್ಕ?" ಎಂದು ಮೇಡಂ ನಕ್ಕಳು. ಆದರೂ ಕೂರಿಸಿದಳು.

ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಎಷ್ಟು ನಿಶ್ಶಬ್ದವೆಂದರೆ ಕಿವಿಯೊಳಗಿನ ದನಿ ಗಂಟೆಯಷ್ಟು ದೊಡ್ಡದಾಯಿತು. ಆದರೂ ಅವಳು ಬಿಡಲಿಲ್ಲ, ಮೈಯೆಲ್ಲ ಕಿವಿಯಾಗಿ ಕೂತಳು. ಹೊರಗೆ ಬಂದು ಕಾಗದ ನೋಡಿದಾಗ ಇಬ್ಬರ ಗೆರೆಗಳೂ ಮೇಲೆಯೇ ಇದ್ದವು. ಗೆರೆ ಮೇಲಿದ್ದಷ್ಟೂ ಕಿವಿ ಚುರುಕಂತೆ. ಒಂದು ಕಡೆ ತಂಗಿಯ ಗೆರೆಗಿಂತ ಅವಳದೇ ಕೂದಲಷ್ಟು ಮೇಲೆ.

"ನೋಡ್ದ್ಯಾ?" ಎಂದಳು ತಂಗಿಗೆ. ಮೂರು ವರ್ಷದಲ್ಲಿ ಅಷ್ಟು ಸಿಹಿಯಾದ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಮೇಡಂ ಮಾತ್ರ ನಗುತ್ತಿರಲಿಲ್ಲ. "ಅಕ್ಕ, ನೀವು ನಾಲ್ಕು ಸಲ ನಾನು ಬೀಪ್ ಕೊಡದೇ ಇದ್ದಾಗಲೂ ಗುಂಡಿ ಒತ್ತಿದ್ರಿ. ಕಿವೀಲಿ ಏನಾದ್ರೂ ಸದ್ದು ಇದ್ಯಾ?"

ಕಿವಿಯಕ್ಕ ಕಾಗದ ಮಡಚತೊಡಗಿದಳು.

"ಹೇಳಕ್ಕ," ಎಂದಳು ತಂಗಿ.

"ಇದೆ," ಎಂದಳು ಕೊನೆಗೆ. "ಕಪ್ ತಟ್ಟಿದ ಹಾಗೆ. ಮೂರು ವರ್ಷ ಆಯ್ತು."

ಮೇಡಂ ಮೂಗು ಒರೆಸಿ, ಕನ್ನಡಕ ಇಳಿಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಎಲ್ಲಿ ಕೆಲಸ, ಎಷ್ಟು ಸದ್ದು, ಎಷ್ಟು ವರ್ಷ? ಗುಂಪಿನಲ್ಲಿ ಮಾತು ಸಿಗುತ್ತದೆಯೇ? ನೀರು ಬೀಳುವಾಗ, ಪಾತ್ರೆ ಸದ್ದಾಗುವಾಗ?

"ಸಿಗಲ್ಲ," ಎಂದಳು ಕಿವಿಯಕ್ಕ. "ಅವರು ಬೇಕು ಅಂತಲೇ ಮೆಲ್ಲಗೆ ಮಾತಾಡ್ತಾರೆ."

"ಯಾರು?"

ಅವಳು ತಂಗಿಯ ಕಡೆ ನೋಡಲಿಲ್ಲ. ತಂಗಿಗೆ ಗೊತ್ತಾಯಿತು.

"ಹಾಗಾದ್ರೆ ಇನ್ನೊಂದು ಪರೀಕ್ಷೆ ಮಾಡೋಣ. ಇದು ಎಲ್ಲರಿಗೂ ಮಾಡಲ್ಲ," ಎಂದಳು ಮೇಡಂ. ಈ ಸಲ ಹೆಡ್‌ಫೋನಿನಲ್ಲಿ ಬೀಪ್ ಇರಲಿಲ್ಲ. ಸಂತೆಯಂಥ ಗದ್ದಲ, ಅದರ ನಡುವೆ ಒಬ್ಬಳು ಒಂದೊಂದೇ ಮಾತು ಹೇಳುತ್ತಾಳೆ, ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಹೋಲಿಸಿ ನೋಡಲು ತಂಗಿಯನ್ನೂ ಕೂರಿಸಿದಳು. ಇಪ್ಪತ್ತೈದು ಮಾತುಗಳಲ್ಲಿ ತಂಗಿ ಇಪ್ಪತ್ತೊಂದು ಹೇಳಿದಳು.

ಕಿವಿಯಕ್ಕ ಒಂಬತ್ತು ಹೇಳಿದಳು.

ಅವಳು ಮತ್ತೊಮ್ಮೆ ಮಾಡಿ ಎಂದಳು. ಬೇರೆ ಮಾತುಗಳ ಪಟ್ಟಿ ಹಾಕಿದರು. ಎಂಟು. ಗಾಜಿನಾಚೆ ಮೇಡಂ ಬರೆದುಕೊಳ್ಳುವುದು ಕಾಣುತ್ತಿತ್ತು. ಅವಳ ಹಿಂದೆ ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗು ಮುಚ್ಚಿಕೊಂಡಿದ್ದಾಳೆ ಎಂದು ಕಿವಿಯಕ್ಕನಿಗೆ ಮೊದಲು ಅನ್ನಿಸಿತು. ಆಮೇಲೆ ತಂಗಿಯ ಕೆನ್ನೆ ಒದ್ದೆಯಾಗಿದ್ದು ಕಂಡಿತು.

ಆಮೇಲೆ ಒಂದು ಮಂಚದ ಮೇಲೆ ಮಲಗಿಸಿ, ಹಣೆಗೂ ಎರಡೂ ಕಿವಿಯ ಹಿಂದೆಯೂ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ ವೈರು ಹಾಕಿದರು. ಕಿವಿಯಲ್ಲಿ ಟಕ ಟಕ ಟಕ ಎಂದು ಸಾವಿರಾರು ಸದ್ದು. ಅವಳು ಏನನ್ನೂ ಒತ್ತಬೇಕಿಲ್ಲ, ಹೇಳಬೇಕಿಲ್ಲ, ಮಲಗಿದ್ದರೆ ಸಾಕು. ಪರದೆಯ ಮೇಲೆ ಗುಡ್ಡಗಳ ಸಾಲಿನಂಥ ಒಂದು ಗೆರೆ ಮೂಡಿತು. ಮೇಡಂ ಬೆರಳಿಟ್ಟು ತೋರಿಸಿದಳು. ಮೊದಲನೆಯ ಗುಡ್ಡ, ಕಿವಿಯಿಂದ ನರ ಹೊರಡುವ ಜಾಗದ್ದು, ತೀರಾ ತಗ್ಗು. ಮುಂದಿನ ದೊಡ್ಡ ಗುಡ್ಡ ಸರಿಯಾಗಿತ್ತು.

"ಅಕ್ಕ, ಶಬ್ದ ಹಿಡಿಯೋ ಜೀವಕೋಶಗಳು ನಿಮ್ಮ ಕಿವೀಲಿ ಚೆನ್ನಾಗಿವೆ. ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯೋ ನರದ ಎಳೆಗಳು ಸಾವಿರಾರು ಇರ್ತವೆ. ನಿಶ್ಶಬ್ದದಲ್ಲಿ ಒಂದು ಬೀಪ್ ಕೇಳೋಕೆ ಅದ್ರಲ್ಲಿ ಕೆಲವೇ ಸಾಕು. ಗದ್ದಲದಲ್ಲಿ ಒಂದು ಮಾತು ಬಿಡಿಸ್ಕೊಳ್ಳೋಕೆ ತುಂಬಾ ಎಳೆ ಬೇಕು. ವರ್ಷಗಟ್ಟಲೆ ಗಿರಣಿ ಸದ್ದಿಗೆ ನಿಮ್ಮದು ಕೆಲವು ಕಡಿದುಹೋಗಿರೋ ಹಾಗಿದೆ. ಬರೋ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ದನಿ ಏರಿಸ್ಕೊಳ್ಳುತ್ತೆ. ನಿಮ್ಮ ಕಿವಿಯೊಳಗಿನ ಆ ಸದ್ದು ಅದೇ ಇರಬಹುದು."

"ಇರಬಹುದಾ, ಅದೇನಾ?"

"ಇರಬಹುದು. ಇದನ್ನ ಖಂಡಿತ ಅಂತ ಹೇಳೋ ಪರೀಕ್ಷೆ ಒಂದೂ ಇನ್ನೂ ಬಂದಿಲ್ಲ. ಎಲ್ಲಾ ಸೇರಿಸಿ ನೋಡಿದ್ರೆ ನನಗೆ ಹಾಗನ್ಸುತ್ತೆ. ದೊಡ್ಡ ಡಾಕ್ಟ್ರಿಗೂ ತೋರಿಸ್ತೀನಿ."

"ಹಾಗಾದ್ರೆ ಆ ನರ್ಸ್ ಸರಿ ಇದೆ ಅಂತ ಬರ್ಕೊಟ್ಟಿದ್ದು ಸುಳ್ಳಾ?"

"ಸುಳ್ಳಲ್ಲ ಅಕ್ಕ. ಅವರು ಕೇಳಿದ ಪ್ರಶ್ನೆಗೆ ನಿಮ್ಮ ಕಿವಿ ಸರಿಯಾಗೇ ಉತ್ತರ ಕೊಟ್ಟಿದೆ. ಇವತ್ತು ಕೇಳಿದ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ."

ಕಡಿದ ಎಳೆ ಮತ್ತೆ ಕೂಡುವ ಔಷಧಿ ಇಲ್ಲವಂತೆ. ಇನ್ನು ಮುಂದೆ ಸದ್ದಿನಿಂದ ಕಿವಿ ಕಾಪಾಡಿಕೊಳ್ಳಬೇಕು, ಮಾತಾಡುವವರು ಎದುರಿಗೆ ಬಂದು, ನಲ್ಲಿ ಫ್ಯಾನು ನಿಲ್ಲಿಸಿ ಮಾತಾಡಬೇಕು, ಕಿವಿಯ ಸದ್ದಿನ ಕಡೆ ಗಮನ ಕಡಿಮೆಯಾಗಲು ಕೆಲವು ಅಭ್ಯಾಸ ಕಲಿಯಬೇಕು. ಅದನ್ನೆಲ್ಲ ಮೇಡಂ ಒಂದು ಕಾಗದದಲ್ಲಿ ಬರೆದುಕೊಟ್ಟಳು.

ಹೊರಗೆ ಆಸ್ಪತ್ರೆಯ ಹಿಂಬದಿಯಲ್ಲಿ ಸಿಮೆಂಟಿನ ಬೆಂಚು. ಬಟ್ಟೆ ಒಗೆಯುವವರು ಹಾಸಿಗೆ ಹೊದಿಕೆ ಒಣಹಾಕಿದ್ದರು. ಇಬ್ಬರೂ ಕೂತರು. ತಂಗಿ ಅಕ್ಕನ ಕೈ ಹಿಡಿದುಕೊಂಡಳು.

"ಮೂರು ವರ್ಷ! ನನಗೆ ಹೇಳಬಾರದಿತ್ತೇನಕ್ಕ? ನೀನು ಕೂಗಿದ್ರೂ ಓಗೊಡಲ್ಲ, ಮುಖ ಊದಿಸ್ಕೊಂಡಿರ್ತೀಯ. ನನ್ನ ಕಂಡ್ರೆ ಆಗಲ್ಲ ಅಂತ ನಾನು ಮಾತೇ ಕಡಿಮೆ ಮಾಡಿದ್ದೆ."

ಕೈ ಹಾಗೇ ಹಿಡಿದುಕೊಂಡಿರಲಿ, ಏನೂ ಹೇಳದೆ ಇದ್ದುಬಿಡೋಣ ಎಂದು ಒಂದು ಕ್ಷಣ ಕಿವಿಯಕ್ಕನಿಗೆ ಅನ್ನಿಸಿತಂತೆ. ಕಿವಿ ಕೆಟ್ಟವಳನ್ನು ಎಲ್ಲರೂ ಅಯ್ಯೋ ಎನ್ನುತ್ತಾರೆ, ಗೀಟಿನ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾಳೆ ಮೇಸ್ತ್ರಿ ತಂಗಿಯ ಕಾಗದ ನೋಡಿ, ಕಿವಿ ಸರಿಯಿದ್ದೂ ಹನ್ನೊಂದು ಒಡಕು ಪಾಸು ಮಾಡಿದ್ದಾಳೆ ಎಂದರೆ, ಅವಳು ಕೆಲಸದಲ್ಲಿ ಸೋಮಾರಿ ಎಂದೇ ಅರ್ಥ. ಕಿವಿ ಕೆಟ್ಟದ್ದಕ್ಕಿಂತ ಅದು ಹೀನ.

"ಆ ಹನ್ನೊಂದು ಕಪ್ ನಿನ್ನದಲ್ಲ," ಎಂದಳು ಕಿವಿಯಕ್ಕ. "ಎರಡು ಗೀಟು ಹಾಕಿದ್ದು ನಾನು."

ತಂಗಿ ಕೈ ಬಿಟ್ಟಳು. ಬೆಂಚಿನ ಆ ತುದಿಗೆ ಸರಿದು ಕೂತಳು.

"ಹದಿನೈದು ದಿನದಿಂದ," ಎಂದಳು, "ಮನೇಲಿರೋ ಲೋಟ, ತಟ್ಟೆ ಎಲ್ಲಾ ತಟ್ಟಿ ತಟ್ಟಿ ನೋಡ್ತಿದ್ದೆ. ನನ್ನ ಕಿವಿ ಹೋಯ್ತು ಅಂತ ನಾನೇ ನಂಬಿಬಿಟ್ಟಿದ್ದೆ. ನೀನು ಎದುರಿಗೇ ಕೂತು ನೋಡ್ತಿದ್ದೆ ಅಲ್ವಾ?"

"ನೋಡ್ತಿದ್ದೆ."

"ಯಾಕಕ್ಕ?"

ಕಿವಿಯಕ್ಕನಿಗೆ ಹೇಳಲು ಬಹಳ ಇತ್ತು. ಊಟದ ಕೋಣೆ, ನಲ್ಲಿ ನೀರು, ಗಂಡನ ತಮಾಷೆ. ಬಾಯಿಗೆ ಬಂದದ್ದು ಮಾತ್ರ ಇಷ್ಟೇ: "ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ತಂಗಿ ಎದ್ದು ಹೊರಟುಹೋದಳು. ಬೇರೆ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲೇ ಕಿವಿಯಕ್ಕ ಮೇಸ್ತ್ರಿಯ ಮುಂದೆ ತನ್ನ ಪರೀಕ್ಷೆಯ ಕಾಗದ ಇಟ್ಟು, ಗೀಟಿನ ವಿಷಯವನ್ನೂ ನಿಂತೇ ಹೇಳಿದಳು. ಮೇಸ್ತ್ರಿಗೆ ಮೊದಲು ನಂಬಿಕೆಯಾಗಲಿಲ್ಲ, ಆಮೇಲೆ ಸಿಟ್ಟು ಬಂತು. "ಕಿವಿದು ಕಾಯಿಲೆ ಅಕ್ಕ, ಅದಕ್ಕೆ ನಾನೇನೂ ಅನ್ನಲ್ಲ. ಗೀಟಿಂದು ಕಾಯಿಲೆ ಅಲ್ಲ," ಎಂದ. ಅವಳು ತಲೆಯಾಡಿಸಿದಳು. ಮೇಜು ಹೋಯಿತು. ಹಿಡಿ ಅಂಟಿಸುವ ಕಡೆಗೆ ಹಾಕಿದರು. ಹಸಿ ಕಪ್ಪಿಗೆ ನೀರುಮಣ್ಣು ಸವರಿ ಹಿಡಿ ಕೂರಿಸುವ ಕೆಲಸ, ಕಾರ್ಖಾನೆಯ ಇನ್ನೊಂದು ತುದಿ. ತಿಂಗಳೊಳಗೆ ತಟ್ಟುವ ಮೇಜನ್ನೂ ಗಿರಣಿಯ ಗೋಡೆಯಿಂದ ಎತ್ತಿ ಉಗ್ರಾಣದ ಪಕ್ಕದ ಕೋಣೆಗೆ ಹಾಕಿದರು. ಗಿರಣಿಯವರಿಗೆ ಕಿವಿ ಮುಚ್ಚುವ ಮುಚ್ಚಳ ಬಂತು. ಅದು ಅವಳಿಂದ ಎಂದು ಯಾರೂ ಹೇಳಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದು ನಾನು ಕೇಳಿದೆ. ಹೋಗಲಿಲ್ಲ. ತನ್ನ ಸ್ಟೂಲಿನ ಮೇಲೆ ಬಣ್ಣದ ವಿಭಾಗದ ಒಬ್ಬಳು ಕೂತು ತಂಗಿಗೆ ಕಪ್ ತಳ್ಳುವುದನ್ನು ಅವಳು ಒಮ್ಮೆ ಕಿಟಕಿಯಿಂದ ನೋಡಿದಳು. ಇಬ್ಬರೂ ತಲೆ ಹತ್ತಿರ ತಂದು ಒಂದೇ ಕಪ್ಪಿಗೆ ಕಿವಿ ಕೊಟ್ಟಿದ್ದರು. ಅಂದು ಅವಳು ಅಂಟಿಸಿದ ಹಿಡಿಗಳಲ್ಲಿ ಏಳು ಸೊಟ್ಟಗೆ ಕೂತವು. ಆದರೆ ಈಗ ಆ ಉರಿ ಎದ್ದಾಗ ಅವಳಿಗೆ ಒಂದು ಪ್ರಶ್ನೆ ಹೊಳೆಯುತ್ತದಂತೆ: ಇವರು ನಿಜವಾಗಿ ನನ್ನಿಂದ ಮುಚ್ಚಿಡುತ್ತಿದ್ದಾರೋ, ನನಗೆ ಸಿಗುತ್ತಿಲ್ಲವೋ? ಎರಡನೆಯದಾದರೆ ಎದ್ದುಹೋಗಿ ಎದುರಿಗೆ ನಿಂತು ಕೇಳಬಹುದು. ಮೊದಲನೆಯದಾದರೆ ಉರಿಯಲಿ.

ಹನ್ನೊಂದು ದಿನ ತಂಗಿ ಅವಳೊಡನೆ ಮಾತಾಡಲಿಲ್ಲ. ಒಂದೇ ಒಲೆಯಲ್ಲಿ ಅಡುಗೆ, ಒಂದೇ ನಲ್ಲಿಯಲ್ಲಿ ಪಾತ್ರೆ, ಮಾತಿಲ್ಲ. ಗಂಡನೂ ತಮಾಷೆ ನಿಲ್ಲಿಸಿದ್ದ. ಹನ್ನೆರಡನೇ ದಿನ ಸಂಜೆ ಕಿವಿಯಕ್ಕ ಪಾತ್ರೆ ತೊಳೆಯುತ್ತಿದ್ದಳು. ತಂಗಿ ಹಿಂದಿನಿಂದ ಬಂದು, ಅವಳ ಭುಜದ ಮೇಲಿಂದ ಕೈ ಚಾಚಿ ನಲ್ಲಿ ತಿರುಪಿದಳು. ಸುತ್ತಿ ಬಂದು ಎದುರಿಗೆ ನಿಂತಳು. ಮುಖಕ್ಕೆ ಮುಖ.

"ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಬೇಗ ಹೋಗೋ ಹಾಗೂ ಕಾಣಲ್ಲ," ಎಂದಳು. "ಕೇಳಿಸ್ತಾ?"

ಒಂದಕ್ಷರ ಬಿಡದೆ ಕೇಳಿಸಿತು. "ಕೇಳಿಸ್ತು," ಎಂದಳು ಕಿವಿಯಕ್ಕ.

"ಸರಿ. ನಾಳೆ ಕೆಲಸಕ್ಕೆ ಒಟ್ಟಿಗೇ ಹೋಗೋಣ. ಬಸ್ಸಲ್ಲಿ ನನ್ನ ಹತ್ರ ಮಾತಾಡಬೇಡ."

ಗೀಟಿನ ವಿಷಯ ಬರೆಯಲೋ ಬೇಡವೋ ಎಂದು ನಾನು ದೊಡ್ಡಮ್ಮನನ್ನು ಕೇಳಿದ್ದೆ. "ಅದನ್ನ ಬಿಟ್ಟು ಬರೆದ್ರೆ ಬರೀಲೇಬೇಡ," ಎಂದಳು. ಅದಕ್ಕೇ ಬರೆದಿದ್ದೇನೆ. ನಾಳೆ ಭಾನುವಾರ. ಮಧ್ಯಾಹ್ನ ಫ್ಯಾನು ನಿಲ್ಲಿಸಿ, ದೊಡ್ಡಮ್ಮನ ಎದುರಿಗೆ ಕೂತು, ಇದನ್ನು ನಿಧಾನವಾಗಿ ಓದಿ ಹೇಳುತ್ತೇನೆ. ಅವಳು ತಪ್ಪು ಎಂದದ್ದನ್ನು ತಿದ್ದುತ್ತೇನೆ. ಆಮೇಲೆ ಅಮ್ಮನಿಗೆ ಕೊಡುತ್ತೇನೆ.